ಶೂನ್ಯಸಂಪಾದನೆಯಲ್ಲಿ ನಾಯಕತ್ವದ ವಿಚಾರ

ಶೂನ್ಯಸಂಪಾದನೆಯನ್ನು ನಾವು ಸಾಮಾನ್ಯವಾಗಿ ಅನುಭಾವದ ಗ್ರಂಥವೆಂದೂ ಷಟ್‌ಸ್ಥಲಸಿದ್ಧಾಂತದ ಆಕರವೆಂದೂ ಓದುತ್ತೇವೆ. ಹಾಗೆ ಓದುವುದೇ ಸರಿಯಾದ ಕ್ರಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಗ್ರಂಥ ಬೇರೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ. ಹಲವರು ಕೂಡಿ ಮಾಡುವ ಕಾರ್ಯದಲ್ಲಿ ಮುಂದಾಳಾದವನು ಹೇಗಿರಬೇಕು, ಅವನು ಹೇಗಿದ್ದರೆ ಅವನೊಡನೆ ಕೂಡಿದವರು ಏನಾಗುತ್ತಾರೆ ಎಂಬುದೇ ಆ ಪ್ರಶ್ನೆ. ಇದು ಬರಿಯ ಪಾಂಡಿತ್ಯದ ಕುತೂಹಲವಲ್ಲ. ನಮ್ಮ ಶಿಕ್ಷಣಸಂಸ್ಥೆಗಳು, ಸಹಕಾರ ಸಂಘಗಳು, ವಿದ್ಯಾರ್ಥಿನಿಲಯಗಳು, ದಾಸೋಹ ಸಮಿತಿಗಳು ಇವುಗಳಲ್ಲಿ ಎಷ್ಟೋ ಒಬ್ಬ ಪುಣ್ಯಪುರುಷರ ಹೆಗಲ ಮೇಲೆ ಎದ್ದು ನಿಂತು, ಆ ಹೆಗಲು ಇಲ್ಲವಾದೊಡನೆ ಕುಸಿದುದನ್ನು ಅರುವತ್ತು ದಾಟಿದ ನಮ್ಮಂಥವರು ಕಣ್ಣಾರೆ ಕಂಡಿದ್ದೇವೆ. ಕಟ್ಟಿದವರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ದುಡಿಮೆಗೂ ಕೊರತೆಯಿರಲಿಲ್ಲ. ಹಾಗಾದರೆ ಕೊರತೆ ಯಾವುದರಲ್ಲಿತ್ತು?

ಮುಂದುವರಿಯುವ ಮೊದಲು ಒಂದು ಎಚ್ಚರಿಕೆಯ ಮಾತು. ಶೂನ್ಯಸಂಪಾದನೆ 12ನೆಯ ಶತಮಾನದ ಕಲ್ಯಾಣದ ಸಭಾನಡಾವಳಿಯಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು, ಶರಣರ ಬಿಡಿ ವಚನಗಳನ್ನು ಹೆಕ್ಕಿ, ನಡುನಡುವೆ ಗದ್ಯದ ಕೊಂಡಿಗಳನ್ನು ಹಾಕಿ, ಅವೆಲ್ಲ ಎದುರುಬದುರು ಕುಳಿತು ಆಡಿದ ಮಾತುಗಳೆಂಬಂತೆ ಜೋಡಿಸಿದರು. ಅನುಭವಮಂಟಪವೆಂಬುದು ಕಲ್ಲುಕಂಬಗಳ ಕಟ್ಟಡವಾಗಿತ್ತೇ, ಇಲ್ಲವೇ ಶರಣರು ಕೂಡಿದೆಡೆಗೆಲ್ಲ ಸಂದ ಹೆಸರೇ ಎಂಬ ಚರ್ಚೆ ವಿದ್ವಾಂಸರಲ್ಲಿ ಉಂಟು. ಆ ಚರ್ಚೆಯನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ. ಕಲ್ಯಾಣ ಹೇಗಿತ್ತು ಎಂಬುದಕ್ಕಿಂತ, ಕಲ್ಯಾಣದಂಥ ಒಂದು ಸಮುದಾಯ ಹೇಗೆ ನಡೆಯಬೇಕೆಂದು ನಮ್ಮ ಹಿರಿಯರು ಭಾವಿಸಿದರು ಎಂಬುದೇ ಪ್ರಸ್ತುತ ವಿಷಯಕ್ಕೆ ಸಾಕು.

ಸೊನ್ನಲಿಗೆಯ ಪ್ರಸಂಗದಿಂದ ಆರಂಭಿಸೋಣ. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಅಲ್ಲಿ ಸಿದ್ಧರಾಮಯ್ಯನವರು ಕೆರೆ ತೋಡಿಸುತ್ತಿದ್ದಾರೆ, ಗುಡಿಗಳನ್ನು ಕಟ್ಟಿಸುತ್ತಿದ್ದಾರೆ. ಅಸಂಖ್ಯಾತ ಜನ ಕಲ್ಲು ಹೊರುತ್ತಿದ್ದಾರೆ, ಮಣ್ಣು ಎತ್ತುತ್ತಿದ್ದಾರೆ. ಊರಿಗೆ ನೀರು, ದಾರಿಗರಿಗೆ ನೆರಳು, ದೇವರಿಗೆ ನೆಲೆ ಒದಗಿಸುವ ಕೆಲಸವಿದು. ಇದಕ್ಕಿಂತ ಮೇಲಾದ ಲೋಕೋಪಕಾರವನ್ನು ಕಲ್ಪಿಸುವುದು ಕಷ್ಟ. ಅಲ್ಲಿಗೆ ಅಲ್ಲಮಪ್ರಭುಗಳು ಬರುತ್ತಾರೆ. ಸಿದ್ಧರಾಮಯ್ಯನವರು ಆಗ ಸ್ಥಳದಲ್ಲಿಲ್ಲ. ಪ್ರಭುಗಳು ಕೆಲಸಗಾರರ ಮುಂದೆ ನಿಂತು ಅವರ ಒಡೆಯನನ್ನು ಒಡ್ಡನೆಂದು ಹಗುರಾಗಿ ಹೆಸರಿಸಿ, ಎಲ್ಲಿದ್ದಾನೆಂದು ಕೇಳುತ್ತಾರೆ. ಕೆಲಸಗಾರರು ಉತ್ತರ ಹೇಳುವುದಿಲ್ಲ. ಕಟ್ಟಡಕ್ಕೆಂದು ತಂದ ಕಲ್ಲುಗಳನ್ನೇ ಎತ್ತಿ ಬಂದವನ ಮೇಲೆ ಎಸೆಯುತ್ತಾರೆ. ಕಲ್ಲುಗಳು ಬೆಟ್ಟವಾಗಿ ಬೆಳೆಯುತ್ತವೆ. ಪ್ರಭುಗಳಿಗೆ ಒಂದೂ ತಾಗುವುದಿಲ್ಲ.

ಈ ಪ್ರಸಂಗವನ್ನು ವ್ಯಾಖ್ಯಾನಿಸುವವರು ಪ್ರಭುಗಳ ಮಹಿಮೆಯ ಕಡೆಗೇ ಕಣ್ಣು ಹೊರಳಿಸುವುದು ವಾಡಿಕೆ. ನಾನು ಕಲ್ಲೆಸೆದವರನ್ನು ನೋಡಬೇಕೆನ್ನುತ್ತೇನೆ. ಅವರು ದುಷ್ಟರಲ್ಲ, ತಮ್ಮ ಗುರುವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದವರು. ಆದರೆ ಬಂದ ಪ್ರಶ್ನೆಯನ್ನು ಎದುರಿಸಲು ಅವರಲ್ಲಿ ಮಾತಿರಲಿಲ್ಲ. ಮಾತಿದ್ದುದು ಒಡೆಯನ ಬಳಿ. ಒಡೆಯನಿಲ್ಲದಾಗ ಕೈಗೆ ಸಿಕ್ಕುದು ಕಲ್ಲು. ಈ ಕೆರೆಯನ್ನು ಏಕೆ ತೋಡುತ್ತಿದ್ದೇವೆ, ಗುಡಿಯನ್ನು ಏಕೆ ಕಟ್ಟುತ್ತಿದ್ದೇವೆ ಎಂಬುದು ಅವರ ಸ್ವಂತ ತಿಳಿವಳಿಕೆಯಾಗಿದ್ದರೆ, ಅವರಲ್ಲಿ ಒಬ್ಬನಾದರೂ ಬುಟ್ಟಿಯನ್ನು ಕೆಳಗಿಟ್ಟು, ‘ಕುಳಿತುಕೊಳ್ಳಿ ಸ್ವಾಮೀ, ಹೇಳುತ್ತೇನೆ’ ಎಂದು ಮುಂದೆ ಬರುತ್ತಿದ್ದನಲ್ಲವೇ?

ಸಿದ್ಧರಾಮಯ್ಯನವರನ್ನು ನಿರಂಕುಶ ಅಧಿಕಾರಿಯೆಂದು ಕರೆಯುವುದು ಅಪಚಾರವಾದೀತು. ಅದು ನನ್ನ ಅಭಿಪ್ರಾಯವಲ್ಲ. ಅವರ ಕಾರುಣ್ಯಕ್ಕೆ ಸೊಲ್ಲಾಪುರದಲ್ಲಿ ಇಂದಿಗೂ ಇರುವ ಕೆರೆಯೇ ಸಾಕ್ಷಿ. ನಾನು ಹೇಳುವುದು ಇಷ್ಟೇ: ಕ್ರೌರ್ಯದಿಂದ ಒಬ್ಬನನ್ನು ಅವಲಂಬಿಸುವಂತೆ ಮಾಡಿದರೂ, ಪ್ರೀತಿಯಿಂದ ಒಬ್ಬನನ್ನು ಅವಲಂಬಿಸುವಂತೆ ಮಾಡಿದರೂ, ಆ ಒಬ್ಬನು ಎದ್ದುಹೋದಾಗ ಉಳಿದವರ ಪಾಡು ಹೆಚ್ಚು ಬೇರೆಯಾಗಿರುವುದಿಲ್ಲ.

ಇದನ್ನು ಬರೆಯುವಾಗ, ಹಿಂದೆ ಶಿಕ್ಷಕರ ತರಬೇತಿಯಲ್ಲಿ ಓದಿದ ಒಂದು ಪ್ರಯೋಗ ನೆನಪಿಗೆ ಬರುತ್ತದೆ. ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ ಯಹೂದಿ. ಹಿಟ್ಲರನ ಆಳ್ವಿಕೆ ಆರಂಭವಾದ 1933ರಲ್ಲಿ ಜರ್ಮನಿಯನ್ನು ಬಿಟ್ಟು ಅಮೆರಿಕಕ್ಕೆ ಹೋದವನು. ಅವನೂ ಅವನ ಸಹೋದ್ಯೋಗಿಗಳಾದ ಲಿಪಿಟ್ ಮತ್ತು ವೈಟ್ ಎಂಬವರೂ 1930ರ ದಶಕದ ಕೊನೆಯಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ, ಹತ್ತು ವರ್ಷದ ಆಸುಪಾಸಿನ ಹುಡುಗರನ್ನು ಐದೈದು ಮಂದಿಯ ಗುಂಪುಗಳಾಗಿ ಮಾಡಿ, ಶಾಲೆ ಬಿಟ್ಟ ಮೇಲೆ ಮುಖವಾಡ ಮಾಡುವುದೇ ಮೊದಲಾದ ಕೈಕೆಲಸಗಳಿಗೆ ಹಚ್ಚಿದರು. ಒಂದು ಬಗೆಯ ಮುಂದಾಳು ಎಲ್ಲವನ್ನೂ ತಾನೇ ನಿರ್ಧರಿಸುತ್ತಿದ್ದ. ಒಮ್ಮೆಗೆ ಒಂದೇ ಹೆಜ್ಜೆಯನ್ನು ಹೇಳುತ್ತಿದ್ದುದರಿಂದ ಮುಂದಿನದೇನೆಂದು ಹುಡುಗರಿಗೆ ತಿಳಿಯುತ್ತಿರಲಿಲ್ಲ. ಇನ್ನೊಂದು ಬಗೆಯವನು ಕೆಲಸದ ಪೂರ್ಣರೂಪವನ್ನು ಮೊದಲೇ ವಿವರಿಸಿ, ಹುಡುಗರೇ ಚರ್ಚಿಸಿ ತೀರ್ಮಾನಿಸುವಂತೆ ಮಾಡಿ, ತಾನೂ ಅವರಲ್ಲೊಬ್ಬನಾಗಿ ಇರುತ್ತಿದ್ದ. ಮೂರನೆಯವನು ಕೇಳಿದ್ದಕ್ಕೆ ಉತ್ತರ ಹೇಳಿ, ಮಿಕ್ಕಂತೆ ಕೈಕಟ್ಟಿ ಕುಳಿತಿರುತ್ತಿದ್ದ. ಈ ಮೂರನೆಯವನ ಗುಂಪಿನಲ್ಲಿ ಕೆಲಸ ಕಡಿಮೆ ಆಯಿತು ಎಂದು ಹೇಳಿ ಅದನ್ನು ಬಿಡಬಹುದು. ಮೊದಲನೆಯ ಗುಂಪಿನಲ್ಲಿ, ಮುಂದಾಳು ಎದುರಿಗಿರುವವರೆಗೆ ಕೆಲಸ ಬಹಳ ಚೆನ್ನಾಗಿ ಸಾಗಿತು. ಪ್ರಮಾಣದಲ್ಲಿ ಎರಡನೆಯ ಗುಂಪನ್ನೂ ಮೀರಿತು. ಅವನು ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಥಟ್ಟನೆ ಇಳಿಯಿತು. ಅಂಥ ಗುಂಪುಗಳಲ್ಲಿ ಕೆಲವು ಮಂಕಾಗಿ ಕುಳಿತವು. ಕೆಲವು ತಮ್ಮೊಳಗಿನ ಒಬ್ಬ ಹುಡುಗನನ್ನೇ ಗುರಿಮಾಡಿ ಹರಿಹಾಯ್ದವು. ಎರಡನೆಯ ಗುಂಪಿನಲ್ಲಿ ಮುಂದಾಳು ಇದ್ದಾಗಲೂ ಇಲ್ಲದಾಗಲೂ ಕೆಲಸ ಬಹುಮಟ್ಟಿಗೆ ಒಂದೇ ಸಮನಾಗಿ ನಡೆಯಿತು.

ಓದಿದಾಗ ನನಗೆ ಇದು ಹೊಸದೆನಿಸಲಿಲ್ಲ. ನಾನು ದುಡಿದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಬೂಟಿನ ಸಪ್ಪಳ ಕೇಳಿದರೆ ಸೂಜಿ ಬಿದ್ದ ಶಬ್ದವೂ ಕೇಳುವಷ್ಟು ನಿಶ್ಶಬ್ದ. ಅವರು ತಾಲ್ಲೂಕಿನ ಸಭೆಗೆ ಹೋದ ದಿನ ಮಕ್ಕಳ ಗಲಾಟೆಯ ಮಾತಿರಲಿ, ಶಿಕ್ಷಕರಾದ ನಾವೇ ಹಾಜರಿಪುಸ್ತಕವನ್ನು ಮುಚ್ಚಿಟ್ಟು ಹರಟೆಗೆ ಕುಳಿತಿರುತ್ತಿದ್ದೆವು. ತಪ್ಪು ಅವರೊಬ್ಬರದೇ ಎಂದು ಆಗ ವಾದಿಸುತ್ತಿದ್ದೆ. ಈಗ ಆ ಧೈರ್ಯವಿಲ್ಲ.

ಸೊನ್ನಲಿಗೆಗೆ ಹಿಂದಿರುಗೋಣ. ಸಿದ್ಧರಾಮಯ್ಯನವರು ಸುದ್ದಿ ತಿಳಿದು ಕೋಪೋದ್ದೀಪ್ತರಾಗಿ ಬರುತ್ತಾರೆ. ಆ ಕೋಪಾಗ್ನಿಯೂ ಪ್ರಭುಗಳನ್ನು ಸುಡುವುದಿಲ್ಲ. ಅನಂತರ ನಡೆಯುವ ಸಂವಾದದಲ್ಲಿ ಪ್ರಭುಗಳು ಒತ್ತಿ ಕೇಳುವುದು ಕೆರೆಯ ವಿಚಾರವನ್ನಲ್ಲ, ಕೆರೆಯನ್ನು ತೋಡಿಸಿದೆನೆಂಬ ಭಾವದ ವಿಚಾರವನ್ನು. ಮಾಡಿದವನು ತಾನೆಂಬ ನೆನಪು ಉಳಿದಿರುವವರೆಗೆ ಮಾಡಿದ ಪುಣ್ಯವೂ ಬಂಧನವೇ ಎಂಬುದು ಅಲ್ಲಿಯ ನಿಲುವು. ಇದನ್ನು ಕೇವಲ ವ್ಯಕ್ತಿಯ ಮೋಕ್ಷಕ್ಕೆ ಸಂಬಂಧಿಸಿದ ಮಾತೆಂದು ತಿಳಿದರೆ ಅರ್ಧ ತಿಳಿದಂತಾಯಿತು. ಮಾಡಿದವನು ನಾನೆಂಬ ಭಾವ ಮುಂದಾಳಿನಲ್ಲಿ ಗಟ್ಟಿಯಾದಷ್ಟೂ, ಮಾಡಿದವರು ನಾವೆಂಬ ಭಾವ ಕೆಲಸಗಾರರಲ್ಲಿ ಸಡಿಲವಾಗುತ್ತದೆ. ಅವರು ಹೊರುವುದು ಅವನ ಕಲ್ಲನ್ನು, ಎಸೆಯುವುದೂ ಅವನಿಗಾಗಿಯೇ.

ಸಂವಾದ ಮುಗಿದ ಮೇಲೆ ಪ್ರಭುಗಳು ಸಿದ್ಧರಾಮಯ್ಯನವರನ್ನು ಕರೆದುಕೊಂಡು ಕಲ್ಯಾಣಕ್ಕೆ ಹೊರಡುತ್ತಾರೆ. ಗ್ರಂಥದ ರಚನೆಯಲ್ಲಿ ಇದು ಆಕಸ್ಮಿಕವಲ್ಲ. ಒಬ್ಬನ ಸುತ್ತ ಕಟ್ಟಿದ ಸಮುದಾಯವನ್ನು ತೋರಿಸಿದ ಬಳಿಕ ಬೇರೆ ಬಗೆಯಲ್ಲಿ ಕಟ್ಟಿದ ಸಮುದಾಯವನ್ನು ತೋರಿಸುವುದಕ್ಕಾಗಿಯೇ ಸಂಕಲನಕಾರರು ನಮ್ಮನ್ನು ಅಲ್ಲಿಗೆ ಕೊಂಡೊಯ್ಯುತ್ತಾರೆಂದು ತೋರುತ್ತದೆ. ವಿಚಿತ್ರವೆಂದರೆ, ಕಲ್ಯಾಣವನ್ನು ನಾವು ಮೊದಲು ಕಾಣುವುದೇ ಒಂದು ಲೋಪದ ಮೂಲಕ. ಪ್ರಭುಗಳು ಬಾಗಿಲಲ್ಲಿ ನಿಂತಿದ್ದಾರೆ. ಬಸವಣ್ಣನವರು ಲಿಂಗಪೂಜೆಯಲ್ಲಿ ತನ್ಮಯರಾಗಿ ಒಳಗೇ ಇದ್ದಾರೆ. ಹಡಪದ ಅಪ್ಪಣ್ಣನವರು ಸುದ್ದಿ ತಂದರೂ ಅವರು ಎದ್ದು ಬರುವುದಿಲ್ಲ, ಕರೆತರುವಂತೆ ಹೇಳಿ ಕಳಿಸುತ್ತಾರೆ. ಪ್ರಭುಗಳು ಒಳಗೆ ಬರಲು ಒಪ್ಪುವುದಿಲ್ಲ.

ಈಗ ಯಾರು ಏನು ಮಾಡುತ್ತಾರೆಂಬುದನ್ನು ಗಮನಿಸಬೇಕು. ಬಸವಣ್ಣನವರು ಬಿಜ್ಜಳನ ಭಂಡಾರಿ, ಮಹಾಮನೆಯ ಒಡೆಯರು, ಸಮಸ್ತ ಶರಣಸಂಕುಲದ ಆಶ್ರಯ. ಅವರಿಗೆ ಎದುರಾಡಿ, ಜಂಗಮವು ಬಾಗಿಲಲ್ಲಿ ನಿಂತಿರುವಾಗ ಒಳಗೆ ನಡೆಯುವ ಪೂಜೆ ಪೂಜೆಯಲ್ಲವೆಂದು ಹೇಳುವವರು ಚನ್ನಬಸವಣ್ಣನವರು. ವಯಸ್ಸಿನಲ್ಲಿ ಕಿರಿಯರು, ಸಂಬಂಧದಲ್ಲಿ ಸೋದರಳಿಯ. ಹೊರಗೆ ಪ್ರಭುಗಳನ್ನು ಸಮಾಧಾನಪಡಿಸಲು ನಿಲ್ಲುವವರು ಆಗತಾನೆ ಊರಿಗೆ ಬಂದ ಸಿದ್ಧರಾಮಯ್ಯನವರು. ಯಾರೂ ಯಾರ ಮೇಲೂ ಕಲ್ಲೆಸೆಯುವುದಿಲ್ಲ. ಬಸವಣ್ಣನವರು ತಪ್ಪನ್ನು ಒಪ್ಪಿ ಹೊರಗೆ ಓಡಿಬರುತ್ತಾರೆ. ಮುಂದಾಳು ತಪ್ಪಿದಾಗ ತಿದ್ದುವ ಮಾತು ಮನೆಯ ಒಳಗೇ, ಅದೂ ಕಿರಿಯರ ಬಾಯಿಂದ, ಭಯವಿಲ್ಲದೆ ಹುಟ್ಟಿತು. ಸೊನ್ನಲಿಗೆಯಲ್ಲಿ ಹೊರಗಿನವನು ಬಂದು ಹೇಳಬೇಕಾಯಿತು. ಎರಡು ಊರುಗಳ ನಡುವಣ ಅಂತರ ಇದು.

ಒಳಗೆ ಬಂದ ಮೇಲೆಯೂ ಪ್ರಭುಗಳು ಸುಮ್ಮನಿರುವುದಿಲ್ಲ. ಮಹಾಮನೆಯ ಪ್ರಸಾದಕುಂಡದ ಬಳಿ ಮರುಳಶಂಕರದೇವರೆಂಬ ಶರಣರು 12 ವರ್ಷಗಳಿಂದ ಯಾರ ಕಣ್ಣಿಗೂ ಬೀಳದೆ ಸೇವೆಗೈಯುತ್ತಿದ್ದರು. ಕೊಟ್ಯಂತರ ಜನರನ್ನು ಆದರಿಸಿದರೆಂದು ಖ್ಯಾತರಾದ ಬಸವಣ್ಣನವರಿಗೆ, ತಮ್ಮ ಮನೆಯಲ್ಲೇ ಇದ್ದ ಆ ಮಹಿಮನ ಗುರುತು ಇರಲಿಲ್ಲ. ಪ್ರಭುಗಳು ಗುರುತಿಸಿ ತೋರಿಸಿದಾಗ ಬಸವಣ್ಣನವರು ನಾಚಿ ಕರಗಿಹೋಗುತ್ತಾರೆ. ಯಾವ ಸಂಸ್ಥೆಯನ್ನೇ ನೋಡಿರಿ, ಇಂಥ ಒಬ್ಬ ಮರುಳಶಂಕರದೇವ ಅಲ್ಲಿ ಇದ್ದೇ ಇರುತ್ತಾನೆ. ಗಂಟೆ ಬಾರಿಸುವವನಾಗಿರಬಹುದು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳಾಗಿರಬಹುದು. ಬಸವಣ್ಣನವರಂಥವರ ಕಣ್ಣಿಗೂ ಬೀಳದಿದ್ದರೆ ಮಿಕ್ಕವರ ಪಾಡೇನು? ನಮ್ಮ ಹಿರಿಯರು ಈ ಕಥೆಯನ್ನು ಮುಚ್ಚಿಡದೆ ಗ್ರಂಥದಲ್ಲಿ ಉಳಿಸಿದುದು ಬಸವಣ್ಣನವರ ಹಿರಿಮೆಗೆ ಕುಂದೆಂದು ಯಾರಿಗೂ ತೋರಲಿಲ್ಲ. ಇಂದಿನ ಸ್ಮರಣಸಂಚಿಕೆಗಳಲ್ಲಿ ಸಂಸ್ಥಾಪಕರ ಒಂದು ಮರೆವನ್ನು ಅಚ್ಚುಮಾಡಿ ನೋಡಿರಿ!

ಶೂನ್ಯಸಿಂಹಾಸನದ ಪ್ರಸಂಗಕ್ಕೆ ಬರೋಣ. ಸಿಂಹಾಸನವನ್ನು ಮಾಡಿಸಿದವರು ಬಸವಣ್ಣನವರು. ಅದರ ಮೇಲೆ ಕುಳಿತವರು ಅವರಲ್ಲ. ಕುಳಿತವರು, ಹರಿಹರನ ರಗಳೆ ಹೇಳುವಂತೆ ಬಳ್ಳಿಗಾವೆಯಲ್ಲಿ ಮದ್ದಳೆ ಬಾರಿಸುತ್ತಿದ್ದು ಮುಂದೆ ಎಲ್ಲವನ್ನೂ ಬಿಟ್ಟು ತಿರುಗಾಡಿದ ಅಲ್ಲಮಪ್ರಭುಗಳು. ಇದನ್ನು ಬಸವಣ್ಣನವರ ವಿನಯವೆಂದು ಮಾತ್ರ ಹೇಳಿ ಮುಗಿಸುವವರಿದ್ದಾರೆ. ವಿನಯ ಹೌದು, ಆದರೆ ಅದರೊಳಗೆ ಒಂದು ವಿವೇಕವೂ ಇದೆ. ಭಂಡಾರ ಬಸವಣ್ಣನವರ ಕೈಯಲ್ಲಿದೆ, ಅರಮನೆಯ ಸಂಪರ್ಕ ಅವರಿಗಿದೆ, ಅನ್ನ ಹಾಕುವ ಮನೆ ಅವರದು. ಅಂಥವರೇ ಮೇಲೆ ಕುಳಿತು, ‘ಯಾರು ಏನು ಬೇಕಾದರೂ ಹೇಳಿ’ ಎಂದರೆ, ಹೇಳುವವರು ಎಷ್ಟು ಮಂದಿ? ಉಂಡ ಮನೆಯ ಯಜಮಾನನ ಎದುರು ನಾಲಗೆ ತಾನಾಗಿಯೇ ತಡವರಿಸುತ್ತದೆ. ಪ್ರಭುಗಳಾದರೋ ಯಾರಿಗೂ ಏನನ್ನೂ ಕೊಡಲಾರರು, ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಾರರು. ಅವರಿಗಿದ್ದುದು ಪ್ರಶ್ನಿಸುವ ಅಧಿಕಾರವೊಂದೇ. ಕೊಡುವ ಕೈಯನ್ನೂ ಕೇಳುವ ಬಾಯನ್ನೂ ಬೇರೆಬೇರೆ ಇರಿಸಿದುದರಿಂದಲೇ ಆ ಸಭೆಯಲ್ಲಿ ಮಾತು ಬಿಚ್ಚಿಕೊಂಡಿತು. ಮೂರನೆಯದಾಗಿ, ಆಡಿದ ಮಾತನ್ನು ಶಾಸ್ತ್ರದ ಕ್ರಮಕ್ಕೆ ತಂದು ನಿಲ್ಲಿಸಲು ಷಟ್‌ಸ್ಥಲಜ್ಞಾನಿಗಳಾದ ಚನ್ನಬಸವಣ್ಣನವರಿದ್ದರು. ಕೂಡಿಸುವವರೊಬ್ಬರು, ಕೆಣಕುವವರೊಬ್ಬರು, ಕ್ರಮಗೊಳಿಸುವವರೊಬ್ಬರು. ಮೂವರಲ್ಲಿ ಯಾರು ದೊಡ್ಡವರೆಂದು ಕೇಳಿದರೆ ಮೂವರೂ ಮತ್ತಿಬ್ಬರತ್ತ ಕೈ ತೋರಿಸುತ್ತಾರೆ.

ಪ್ರಭುಗಳ ಪ್ರಶ್ನೆಗಳು ಮೃದುವಾಗಿರಲಿಲ್ಲ. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ತುಂಬಿದ ಸಭೆಯಲ್ಲಿ ಅವರನ್ನು ಕೇಳಿದ ಪ್ರಶ್ನೆಗಳನ್ನು ಇಂದು ಓದುವಾಗಲೂ ನನ್ನಂಥವನ ಮನಸ್ಸು ಮುದುಡುತ್ತದೆ. ತರಗತಿಯಲ್ಲಿ ಇದನ್ನು ಬೋಧಿಸುವಾಗ ಒಬ್ಬಳು ವಿದ್ಯಾರ್ಥಿನಿ ಎದ್ದುನಿಂತು, ‘ಅವಮಾನ ಮಾಡಿ ಪರೀಕ್ಷಿಸುವುದು ಸರಿಯೇ ಸಾರ್?’ ಎಂದು ಕೇಳಿದ್ದಳು. ಸರಿಯೆಂದು ನಾನು ಹೇಳಲಿಲ್ಲ. ಈಗಲೂ ಪೂರ್ಣವಾಗಿ ಹೇಳಲಾರೆ. ಆದರೆ ಒಂದು ಅಂಶವನ್ನು ಮರೆಯಬಾರದು. ಅಕ್ಕನವರು ಕೊಟ್ಟ ಉತ್ತರಗಳಿಗೆ ಪ್ರಭುಗಳು ತುಂಬಿದ ಸಭೆಯಲ್ಲೇ ತಲೆಬಾಗಿದರು. ಕಠಿಣವಾಗಿ ಕೇಳುವವನು ಒಳ್ಳೆಯ ಉತ್ತರ ಬಂದಾಗ ಅಷ್ಟೇ ಬಹಿರಂಗವಾಗಿ ಸೋಲಬಲ್ಲವನಾಗಿರಬೇಕು. ಸೋಲಲಾರದವನು ಕೇಳಿದರೆ ಅದು ಪರೀಕ್ಷೆಯಲ್ಲ, ದಬ್ಬಾಳಿಕೆ. ಸಂಸ್ಥೆಗಳಲ್ಲಿ ಕಠಿಣ ಪ್ರಶ್ನೆಗಳನ್ನು ಕೇಳುವವರಿಗೆ ಬರವಿಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಆದರೂ ಈ ಸಂದರ್ಭದಲ್ಲಿ ಅದನ್ನು ಬಿಡಲಾಗದು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಪ್ರಭುಗಳ ಸನ್ನಿಧಿಯಲ್ಲಿ ಅನುಭಾವದ ಮಾತಿಗೆ ಮರುಳಾಗಿ ಅವರು ಕಾಯಕದ ಹೊತ್ತನ್ನೇ ಮರೆತಾಗ, ಲಕ್ಕಮ್ಮನವರು ನೆನಪಿಸಿ ಎಬ್ಬಿಸುತ್ತಾರೆ. ಶೂನ್ಯಸಿಂಹಾಸನದ ಮಾತೂ ಕೆಲಸದ ಹೊತ್ತಿಗಿಂತ ಹೆಚ್ಚಲ್ಲವೆಂದಂತಾಯಿತು. ಅವಸರದಲ್ಲಿ ಹೋದ ಮಾರಯ್ಯನವರು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಆಸೆ ನಮಗೇಕೆಂದು ಹೆಚ್ಚಿನದನ್ನು ತಂದಲ್ಲಿಗೇ ಹಿಂದಕ್ಕೆ ಕಳಿಸುತ್ತಾರೆ. ಅಂಗಳ ಬಸವಣ್ಣನವರದು, ಅಕ್ಕಿ ಅವರದು, ಆದರೆ ಎಷ್ಟು ಬೇಕೆಂಬ ಅಳತೆ ಲಕ್ಕಮ್ಮನವರದು. ಮುಂದಾಳು ಎಷ್ಟೇ ಉದಾರಿಯಾಗಿರಲಿ, ಆ ಔದಾರ್ಯಕ್ಕೆ ಋಣಿಯಾಗದೆ ನಿಲ್ಲಬಲ್ಲ ಅನುಯಾಯಿಯಿದ್ದರೆ ಮಾತ್ರ ಅಲ್ಲಿ ಕೂಡಿ ಕೆಲಸಮಾಡುವುದು ಸಾಧ್ಯ. ಇಲ್ಲವಾದರೆ ಅದು ಪೋಷಕ ಮತ್ತು ಪೋಷಿತರ ಸಂಬಂಧ ಮಾತ್ರ.

ಇಂಥ ಮುಂದಾಳುತನದ ಫಲವೇನೆಂದು ಕೇಳಿದರೆ ಕೈಗೆಟಕುವಲ್ಲಿ ಉತ್ತರವಿದೆ. ಕರ್ನಾಟಕ ಸರ್ಕಾರ 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅವುಗಳ ಪರಿವಿಡಿಯನ್ನು ತೆರೆದರೆ ಸಾಲುಸಾಲಾಗಿ ಬರುವ ಹೆಸರುಗಳು: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಕದಿರ ರೆಮ್ಮವ್ವೆ, ಸೂಳೆ ಸಂಕವ್ವೆ. ಶರಣೆಯರೇ ಮೂವತ್ತಕ್ಕೂ ಹೆಚ್ಚು ಮಂದಿ. ಅವರವರ ಕಸುಬು ಹೆಸರಿನಲ್ಲೇ ಉಳಿದಿದೆ. ಅವರವರ ಮಾತಿಗೆ ಅವರವರದೇ ಅಂಕಿತವಿದೆ. ಬಸವಣ್ಣನವರ ಅಂಕಿತದಲ್ಲಿ ಬರೆಯಿರೆಂದು ಯಾರೂ ಯಾರಿಗೂ ಹೇಳಲಿಲ್ಲ. ಸೊನ್ನಲಿಗೆಯಲ್ಲಿ ಕಲ್ಲು ಹೊತ್ತವರ ಹೆಸರುಗಳನ್ನು ಶೂನ್ಯಸಂಪಾದನೆ ನಮಗೆ ಹೇಳುವುದಿಲ್ಲ. ಕೆರೆಯೂ ಉಳಿಯಿತು, ವಚನಗಳೂ ಉಳಿದವು. ಒಂದರಲ್ಲಿ ಮಾಡಿಸಿದವರ ಹೆಸರು, ಇನ್ನೊಂದರಲ್ಲಿ ಮಾಡಿದವರ ಹೆಸರು.

ಇಷ್ಟೆಲ್ಲ ಹೇಳಿದರೂ ಆಕ್ಷೇಪಣೆಯೊಂದು ಉಳಿಯುತ್ತದೆ, ಅದನ್ನು ಮರೆಮಾಚಬಾರದು. ಹರಳಯ್ಯ ಮಧುವರಸರಿಗೆ ಬಿಜ್ಜಳನು ಕ್ರೂರ ಶಿಕ್ಷೆ ವಿಧಿಸಿದ ಮೇಲೆ, 12ನೆಯ ಶತಮಾನದ 60ರ ದಶಕದ ಉತ್ತರಾರ್ಧದಲ್ಲಿ ಕಲ್ಯಾಣ ಒಡೆದುಹೋಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ನಡೆದರು. ಬಿಜ್ಜಳನ ಕೊಲೆಯಾಯಿತು, ಶರಣರು ಚೆದುರಿದರು. ಇಷ್ಟು ಚೆನ್ನಾಗಿ ಕಟ್ಟಿದ ಸಮುದಾಯ ಒಂದು ಪೆಟ್ಟಿಗೆ ಏಕೆ ನಿಲ್ಲಲಿಲ್ಲ? ರಾಜಶಕ್ತಿಯ ಪೆಟ್ಟನ್ನು ಯಾವ ಬಗೆಯ ಸಂಘಟನೆಯೂ ತಡೆಯಲಾರದಿತ್ತು ಎಂಬುದು ಒಂದು ಸಮಾಧಾನ. ಅದು ನನಗೆ ಸಾಲದು. ಮಾತಿನಲ್ಲಿ ಎಲ್ಲರೂ ಒಡೆಯರಾಗಿದ್ದ ಆ ಸಭೆಯಲ್ಲಿ, ವಿಪತ್ತಿನ ಗಳಿಗೆಯಲ್ಲಿ ತಡೆದು ನಿಲ್ಲಿಸುವ ಒಂದು ದನಿ ಇರಲಿಲ್ಲವೋ ಏನೋ. ಸೇಡಿಗೆ ಹೊರಟವರನ್ನು ಹಿಡಿಯುವವರಿರಲಿಲ್ಲ. ಇಂಥ ಹೊತ್ತಿನಲ್ಲಿ ಒಬ್ಬನ ಆಜ್ಞೆಗೆ ಬೆಲೆಯಿದೆಯೆಂದು ಯಾರಾದರೂ ವಾದಿಸಿದರೆ ನಾನು ಸುಮ್ಮನೆ ಕೇಳುತ್ತೇನೆ.

ಆದರೆ ಒಡೆದದ್ದು ಊರು, ಕೂಟವಲ್ಲ. ಚನ್ನಬಸವಣ್ಣನವರು ಶರಣರ ಒಂದು ಸಮೂಹದೊಡನೆ ವಚನದ ಕಟ್ಟುಗಳನ್ನು ರಕ್ಷಿಸಿಕೊಂಡು ಉಳವಿಯತ್ತ ನಡೆದರೆಂದು ಪರಂಪರೆ ಹೇಳುತ್ತದೆ. ಮುಂದಾಳು ಕೋಣೆಯಿಂದ ಹೊರಗೆ ಹೋದ ಮೇಲೂ ಕೆಲಸ ನಡೆಯಿತು. ಎಷ್ಟು ಕಾಲ ನಡೆಯಿತೆಂದರೆ, ಇನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಮಹಾದೇವಯ್ಯನವರು ಆ ವಚನಗಳನ್ನು ಹೆಕ್ಕಿ ಜೋಡಿಸಿದರು. ಅನಂತರ ಹಲಗೆಯ ದೇವರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರ ಹಿಂದೊಬ್ಬರು ಅದೇ ಗ್ರಂಥವನ್ನು ತಿದ್ದಿ ಬೆಳೆಸಿದರು. ಹಿಂದಿನವರ ಕೃತಿಯನ್ನು ಯಾರೂ ಹಾಳುಮಾಡಲಿಲ್ಲ, ಯಾರೂ ಅದನ್ನು ಮುಟ್ಟಬಾರದ ವಸ್ತುವೆಂದು ಗೂಡಿನಲ್ಲಿಯೂ ಇಡಲಿಲ್ಲ.

ಅವರು ಸೇರಿಸಿದ ಮುಖ್ಯ ಪ್ರಸಂಗವೊಂದನ್ನು ಇಲ್ಲಿ ಹೇಳಬೇಕು. ಮೊದಲ ಸಂಕಲನದಲ್ಲಿ ಸಿದ್ಧರಾಮಯ್ಯನವರ ಇಷ್ಟಲಿಂಗದೀಕ್ಷೆಯ ಪ್ರಸಂಗವಿಲ್ಲ. ಮಹಾದೇವಯ್ಯನವರ ಬಳಿಕ ಬಂದವರು ಅದನ್ನು ಸೇರಿಸಿದರು. ಅದರಲ್ಲಿ, ಸಹಸ್ರಾರು ಜನರಿಗೆ ಗುರುವಾಗಿದ್ದ ಆ ಹಿರಿಯರು ಕಲ್ಯಾಣದ ಸಭೆಯ ನಡುವೆ ಎದ್ದು, ತಮ್ಮ ಮುಂದೆ ಹುಡುಗನಂತಿದ್ದ ಚನ್ನಬಸವಣ್ಣನವರ ಕೈಯಿಂದ ಲಿಂಗವನ್ನು ಪಡೆಯುತ್ತಾರೆ. ಪ್ರಭುಗಳ ನಂತರ ಶೂನ್ಯಪೀಠದಲ್ಲಿ ಚನ್ನಬಸವಣ್ಣನವರೂ, ಅವರ ನಂತರ ಸಿದ್ಧರಾಮಯ್ಯನವರೂ ಕುಳಿತರೆಂದು ಪರಂಪರೆಯ ಪಟ್ಟಿ ಹೇಳುತ್ತದೆ.